ಲಿಲಾವಿನ ಮನೆ: ಕೀಲಿ ತಡವಾದರೆ ಬಡ್ಡಿ ತಾನಾಗಿ ಬರುವುದಿಲ್ಲ

ಹುಬ್ಬಳ್ಳಿ ಗೋಕುಲ ರಸ್ತೆ ಕಡೆಯ ಮನೆಯೊಂದನ್ನು ಬ್ಯಾಂಕಿನ ಲಿಲಾವಿನಲ್ಲಿ (ಹರಾಜಿನಲ್ಲಿ) 40 ಲಕ್ಷಕ್ಕೆ ಹಿಡಿದವರಿಗೆ ಆದದ್ದು ಇದು. ದುಡ್ಡು ಪೂರ್ತಿ ಕಟ್ಟಿದರು, ಮಾರಾಟ ಪ್ರಮಾಣಪತ್ರವೂ ಕೈಸೇರಿತು. ಮನೆಯೊಳಗೆ ಮಾತ್ರ ಹಳೆಯ ಸಾಲಗಾರನ ಸಂಸಾರ ಹಾಗೇ ಇದೆ. ವರ್ಷ ಕಳೆದರೂ ಕೀಲಿ ಸಿಗಲಿಲ್ಲ. ಬಡ್ಡಿ ಕೇಳಲು ಹೋದಾಗ ಬ್ಯಾಂಕಿನವರು ಷರತ್ತುಗಳ ಹಾಳೆ ತೆಗೆದು ಒಂದು ಸಾಲು ತೋರಿಸಿದರು: ಸ್ವಾಧೀನ ತಡವಾದರೆ ಬಡ್ಡಿಯಾಗಲಿ ಪರಿಹಾರವಾಗಲಿ ಕೇಳುವಂತಿಲ್ಲ. ಕೆಳಗೆ ಖರೀದಿದಾರರದೇ ಸಹಿ.

ಆ ಒಂದು ಸಾಲಿಗೆ ಎಷ್ಟು ಬಲವಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಸಾಲ ಕಟ್ಟದವರ ಅಡಮಾನದ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ಪಡೆದು ಮಾರಲು ಬಿಡುವ ಸರ್ಫೇಸಿ ಕಾಯ್ದೆ 2002ರಲ್ಲಾಗಲಿ ಅದರ ನಿಯಮಗಳಲ್ಲಾಗಲಿ ಕೀಲಿ ತಡವಾದರೆ ಇಂತಿಷ್ಟು ಬಡ್ಡಿ ಎಂದು ಎಲ್ಲೂ ಬರೆದಿಲ್ಲ. ಆಧಾರವಾಗುವುದು 1978ರ ಬಡ್ಡಿ ಕಾಯ್ದೆಯ 3ನೇ ಕಲಮು. ‘ಬಡ್ಡಿ ಕೇಳುತ್ತೇನೆ’ ಎಂದು ಲಿಖಿತ ನೋಟಿಸು ಕೊಟ್ಟಿದ್ದರೆ, ಅದರಲ್ಲಿ ಹೇಳಿದ ದಿನದಿಂದ ಲೆಕ್ಕ ಹಿಡಿದು ಬಡ್ಡಿ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಆದರೆ ಬಡ್ಡಿ ಬೇಡವೆಂದು ಸ್ಪಷ್ಟ ಒಪ್ಪಂದವಿದ್ದರೆ ಈ ಕಲಮು ಅನ್ವಯಿಸುವುದಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಆದ್ದರಿಂದ ಷರತ್ತಿನ ಹಾಳೆಯನ್ನು ಬಿಡ್ ಹಾಕುವ ಮೊದಲೇ ವಕೀಲರಿಗೆ ಓದಿಸಿ. ಅಂಥ ಸಾಲಿದ್ದರೆ ತೆಗೆಯಲು ಬರೆದು ಕೇಳಿ. ತೆಗೆಯದಿದ್ದರೆ ಒಂದೂವರೆ-ಎರಡು ವರ್ಷದ ಬಡ್ಡಿಯನ್ನು ಬೆಲೆಯಿಂದ ಕಳೆದು ಬಿಡ್ ಹಾಕಿ, ಇಲ್ಲವೇ ಆ ಆಸ್ತಿಯನ್ನೇ ಬಿಡಿ.

ಹರಾಜು ಪ್ರಕಟಣೆಯಲ್ಲಿ ಸ್ವಾಧೀನದ ಬಗೆ ಏನಿದೆ ನೋಡಿ. ‘ಭೌತಿಕ’ ಎಂದರೆ ಕೀಲಿ ಬ್ಯಾಂಕಿನ ಬಳಿ ಇದೆ. ‘ಸಾಂಕೇತಿಕ’ ಎಂದರೆ ಬಾಗಿಲಿಗೆ ನೋಟಿಸು ಅಂಟಿಸಿದ್ದಾರೆ, ಅಷ್ಟೇ. ಒಳಗಿರುವವರನ್ನು ಬಿಡಿಸಲು ಬ್ಯಾಂಕು ಸರ್ಫೇಸಿ ಕಾಯ್ದೆಯ 14ನೇ ಕಲಮಿನಡಿ ಜಿಲ್ಲಾಧಿಕಾರಿ ಅಥವಾ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬೇಕು. ಆದೇಶಕ್ಕೆ 30 ದಿನ, ಕಾರಣ ದಾಖಲಿಸಿದರೆ ಒಟ್ಟು 60 ದಿನ. ತಡವಾಗುವುದು ಹೆಚ್ಚಾಗಿ ಆಮೇಲೆ: ಪೊಲೀಸ್ ಬಂದೋಬಸ್ತ್, ಸಾಲಗಾರನ ತಡೆಯಾಜ್ಞೆ ಅರ್ಜಿ, ನಡುವೆ ಎದ್ದುಬರುವ ಬಾಡಿಗೆ ಕರಾರು. ಅರ್ಜಿ ಹಾಕಿದ್ದೀರಾ, ನಂಬರೇನು ಎಂದು ಬಿಡ್‌ಗೆ ಮುಂಚೆ ಕೇಳಿ.

ಗೆದ್ದವರಿಗೆ ಗಡುವು ಬಲು ಬಿಗಿ. ಅದೇ ದಿನ ಅಥವಾ ಮುಂದಿನ ಕೆಲಸದ ದಿನದೊಳಗೆ ಇಎಂಡಿ (ಬಿಡ್‌ಗೆ ಮುಂಚೆ ಕಟ್ಟಿದ ಠೇವಣಿ) ಸೇರಿ 25%, ಅಂದರೆ 40 ಲಕ್ಷಕ್ಕೆ 10 ಲಕ್ಷ. ಮಾರಾಟ ಖಾಯಂ ಆದ 15 ದಿನದೊಳಗೆ ಉಳಿದ 30 ಲಕ್ಷ. ಬ್ಯಾಂಕು ಬರೆದುಕೊಟ್ಟರೆ ಹೆಚ್ಚೆಂದರೆ ಮೂರು ತಿಂಗಳು. ತಪ್ಪಿದರೆ ಕಟ್ಟಿದ್ದೂ ಮುಟ್ಟುಗೋಲು. ಆ 30 ಲಕ್ಷಕ್ಕೆ 9%ರಲ್ಲಿ ಸಾಲ ಮಾಡಿದ್ದರೆ ತಿಂಗಳಿಗೆ 22,500 ರೂಪಾಯಿ ಬಡ್ಡಿ ಓಡುತ್ತಲೇ ಇರುತ್ತದೆ, ಇದ್ದ ಮನೆಯ ಬಾಡಿಗೆ ಬೇರೆ.

ಮಾರಾಟ ಪ್ರಮಾಣಪತ್ರವನ್ನು ಸಾಲು ಸಾಲಾಗಿ ಓದಿ. ನಿಯಮಗಳ ನಮೂನೆಯಲ್ಲೇ ‘ಆಸ್ತಿಯ ಸ್ವಾಧೀನವನ್ನು ಕೊಡಲಾಗಿದೆ’ ಎಂಬ ಮಾತು ಅಚ್ಚಾಗಿ ಬರುತ್ತದೆ. ಕೀಲಿ ಕೈಗೆ ಬರದಿದ್ದರೆ ಆ ಸಾಲನ್ನು ತಿದ್ದಿಸಿ. ತಿದ್ದದಿದ್ದರೆ ಅಂದೇ ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಆಕ್ಷೇಪಣೆ ಕಳಿಸಿ. ಅದೇ ಪತ್ರದಲ್ಲಿ ಮೂರು ಮಾತು ಇರಲಿ: ಪೂರ್ತಿ ಹಣ ಕಟ್ಟಿದ ದಿನಾಂಕ, ಭೌತಿಕ ಸ್ವಾಧೀನ ಸಿಕ್ಕಿಲ್ಲ ಎಂಬುದು, ಇಂಥ ದಿನದಿಂದ ಬಡ್ಡಿ ಕೇಳುತ್ತೇನೆ ಎಂಬುದು. ಬಡ್ಡಿ ಕಾಯ್ದೆಯಡಿ ದರಕ್ಕೂ ಮಿತಿಯಿದೆ. ಉಳಿತಾಯ ಖಾತೆ ಬಿಟ್ಟು ಬೇರೆ ಠೇವಣಿಗಳಿಗೆ ಬ್ಯಾಂಕುಗಳು ಕೊಡುವ ಗರಿಷ್ಠ ದರವನ್ನು ಅದು ಮೀರುವುದಿಲ್ಲ. ಹಾಗಾಗಿ 18%, 24% ಎಂದು ಬರೆದು ಪ್ರಯೋಜನವಿಲ್ಲ.

‘ಮಾರಿಬಿಟ್ಟೇವಿ, ಇನ್ನ ನೀವ ಬಿಡಿಸ್ಕೋರಿ’ ಎಂದು ಬ್ಯಾಂಕಿನವರು ಹೇಳಿದರೆ ಒಪ್ಪಬೇಡಿ. ಸ್ವಾಧೀನ ಕೊಡುವವರೆಗೆ 14ನೇ ಕಲಮಿನ ಅರ್ಜಿ ಹಾಕುವ ಹಕ್ಕು ಬ್ಯಾಂಕಿಗೇ ಉಳಿದಿರುತ್ತದೆ. ಸುಪ್ರೀಂ ಕೋರ್ಟ್ 2018ರಲ್ಲೇ ಹೀಗೆ ಹೇಳಿದೆ. ರಾಷ್ಟ್ರೀಕೃತ ಬ್ಯಾಂಕಾದರೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಅರ್ಜಿಯ ದಾರಿ ಇದೆ. ಖಾಸಗಿ ಬ್ಯಾಂಕು, ಫೈನಾನ್ಸ್ ಕಂಪನಿಗಳ ಮೇಲಿನ ರಿಟ್ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೇ ಹೋಗಬೇಕಾಗುತ್ತದೆ. ಅಲ್ಲಿ ಸರ್ಫೇಸಿಯ 17ನೇ ಕಲಮಿನ ಅರ್ಜಿಗೆ 45 ದಿನದ ಗಡುವಿದೆ.

ಕೊನೆಗೆ ಕೀಲಿ ಕೊಡುವಾಗ ಸ್ವೀಕೃತಿ ಪತ್ರವೊಂದನ್ನು ಮುಂದಿಡುತ್ತಾರೆ. ಅದರಲ್ಲಿ ‘ಇನ್ಯಾವ ತಕರಾರೂ ಇಲ್ಲ’ ಎಂದಿದ್ದರೆ ಸುಮ್ಮನೆ ಸಹಿ ಮಾಡಬೇಡಿ. ಸಿಟಿಎಸ್ ನಂಬರನ್ನು (ನಗರ ಭೂಮಾಪನ ಸಂಖ್ಯೆ) ಉತಾರಕ್ಕೆ, ಅಂದರೆ ಆಸ್ತಿಯ ದಾಖಲೆಗೆ, ಹೋಲಿಸಿ ನೋಡಿ, ‘ಬಡ್ಡಿಯ ಹಕ್ಕು ಕಾಯ್ದಿರಿಸಿ ಸ್ವೀಕರಿಸಿದ್ದೇನೆ’ ಎಂದು ಸ್ವಂತ ಕೈಬರಹದಲ್ಲಿ ಬರೆದು, ದಿನಾಂಕ ಹಾಕಿ ಸಹಿ ಮಾಡಿ, ಅದರ ಒಂದು ಪ್ರತಿ ಅಲ್ಲೇ ಇಸಿದುಕೊಳ್ಳಿ.