ಹೊಸದಾಗಿ ಹೊಲಿಗೆ ಕಲಿಯುವ ದೊಡ್ಡವರಿಗೆ ಕಾಲಲ್ಲಿ ತುಳಿಯುವ ಕಪ್ಪು ಮಿಷನ್ ಹೇಗೆ?

ಉಷಾ ಇರಲಿ, ಸಿಂಗರ್ ಇರಲಿ, ಮನೆಬಳಕೆಯ ಕಪ್ಪು ನೇರ ಹೊಲಿಗೆ ಮಿಷನ್ನಿನ ಒಳಗಡೆ ಇರುವುದು ಬಹುಮಟ್ಟಿಗೆ ಒಂದೇ ವಿನ್ಯಾಸ. ಸಿಂಗರ್ ಕಂಪನಿ ಹತ್ತೊಂಬತ್ತನೇ ಶತಮಾನದಲ್ಲಿ ತಂದ 15ನೇ ಕ್ಲಾಸ್ ಮಿಷನ್ನೇ ಅದರ ಮೂಲ. ಕಲಿಯುವವರಿಗೆ ಇದರಿಂದ ನೇರ ಲಾಭವಿದೆ. ಕೆಳಗಿನ ದಾರ ಸುತ್ತುವ ಬಾಬಿನ್, ಅದು ಕೂರುವ ಬಾಬಿನ್ ಕೇಸ್, ಸೂಜಿ, ಬಟ್ಟೆಯನ್ನು ಒತ್ತಿಹಿಡಿಯುವ ಪ್ರೆಸರ್ ಫುಟ್, ಬೆಲ್ಟ್ ಎಲ್ಲವೂ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತವೆ, ರಿಪೇರಿ ಬಲ್ಲವರೂ ಸಿಗುತ್ತಾರೆ. ವಯಸ್ಸಾದ ಮೇಲೆ ಮೊದಲ ಸಲ ಹೊಲಿಗೆಗೆ ಕೂರುವವರಿಗೆ ನಮ್ಮ ಸಲಹೆ ಇದೇ ಮಿಷನ್, ಅದರಲ್ಲೂ ಮೋಟರ್ ಇಲ್ಲದೆ, ಕಾಲಿನ ಸ್ಟ್ಯಾಂಡ್ ಜೊತೆ.

ಕಾರಣ ವೇಗ. ಕರೆಂಟಿನ ಮಿಷನ್ನಿನಲ್ಲಿ ಪೆಡಲ್ ಸ್ವಲ್ಪ ಹೆಚ್ಚು ಒತ್ತಿದರೂ ಬಟ್ಟೆ ಕೈಯಿಂದ ಓಡಿಹೋಗುತ್ತದೆ. ತಿರುವು ಬಂದಾಗ ಕೈ ಗಾಬರಿಬಿದ್ದು ಬಟ್ಟೆ ಎಳೆಯುತ್ತದೆ, ಸೂಜಿ ಬಾಗಿ ತಟ್ಟೆಗೆ ಬಡಿದು ಮುರಿಯುತ್ತದೆ. ಕಾಲಿನ ಮಿಷನ್ನಿನಲ್ಲಿ ಬೇಕೆಂದರೆ ಒಂದೇ ಒಂದು ಹೊಲಿಗೆ ಹಾಕಿ ನಿಲ್ಲಬಹುದು. ಕುತ್ತಿಗೆಯ ತಿರುವು, ಜೇಬಿನ ಮೂಲೆ, ಪಟ್ಟಿಯ ಅಂಚು ಹೊಲಿಯುವಾಗ ಈ ನಿಧಾನವೇ ಕೆಲಸಕ್ಕೆ ಬರುತ್ತದೆ. ಕೈ ಪಳಗಿದ ಮೇಲೆ ಇದೇ ಮಿಷನ್ನಿಗೆ ಮೋಟರ್ ಕೂರಿಸಬಹುದು, ಹೊಸದು ಕೊಳ್ಳಬೇಕಿಲ್ಲ.

ಕೊಳ್ಳುವಾಗ ಮೊದಲು ಕೇಳಬೇಕಾದ್ದು: ಹೇಳಿದ ಬೆಲೆ ಬರೀ ತಲೆಭಾಗದ್ದೋ, ಸ್ಟ್ಯಾಂಡು ಹಲಗೆ ಸೇರಿಯೋ? ಇವನ್ನು ಬೇರೆ ಬೇರೆಯಾಗಿಯೂ ಮಾರುತ್ತಾರೆ. ಸ್ಟ್ಯಾಂಡನ್ನು ನೆಲದ ಮೇಲಿಟ್ಟು ಅಲುಗಾಡಿಸಿ ನೋಡಿ, ಅದು ಓಲಾಡಿದರೆ ಹೊಲಿಗೆಯೂ ಓಲಾಡುತ್ತದೆ. ಹಿಂದಕ್ಕೆ ಹೊಲಿಯುವ ಸೌಲಭ್ಯ ಇರುವ ಮಾಡಲ್ಲನ್ನೇ ಕೇಳಿ ತಗೊಳ್ಳಿ. ಹೊಲಿಗೆಯ ಉದ್ದ ಬದಲಿಸುವ ಲಿವರನ್ನು ಪೂರ್ತಿ ಮೇಲಕ್ಕೆತ್ತಿದರೆ ಬಟ್ಟೆ ಹಿಂದೆ ಸರಿಯಬೇಕು. ಇದಿಲ್ಲದಿದ್ದರೆ ಪ್ರತಿ ಹೊಲಿಗೆಯ ತುದಿಯಲ್ಲೂ ದಾರ ಗಂಟು ಹಾಕುತ್ತ ಕೂರಬೇಕಾಗುತ್ತದೆ.

ಹಳೆಯದು ಸಿಕ್ಕಿದರೆ ಬಿಡಬೇಡಿ. ಎರಕದ ಕಬ್ಬಿಣದ ದೇಹ ಬೇಗ ಸವೆಯುವುದಿಲ್ಲ. ತಲೆಭಾಗದ ಬಲಗಡೆಯ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಎಲ್ಲೂ ತಡೆಯಬಾರದು. ಸೂಜಿ ಹಿಡಿಯುವ ಕಂಬಿಯನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲುಗಿಸಿ, ಸಡಿಲವಿರಬಾರದು. ಬಟ್ಟೆ ಮುಂದೂಡುವ ಹಲ್ಲುಗಳು ಸವರಿದರೆ ಚೂಪಾಗಿ ತಾಗಬೇಕು. ಬೆಲ್ಟು ಸಡಿಲವಾಗಿದ್ದರೆ ಚಿಂತೆ ಬೇಡ, ಚರ್ಮದ ಬೆಲ್ಟನ್ನು ಸ್ವಲ್ಪ ಕತ್ತರಿಸಿ ಮತ್ತೆ ಕ್ಲಿಪ್ಪು ಹಾಕಿದರೆ ಮುಗಿಯಿತು.

ಆನ್‌ಲೈನಿನಲ್ಲಿ ಸಿಗುವ ಅಂಗೈಯಗಲದ ಪ್ಲಾಸ್ಟಿಕ್ ಮಿನಿ ಮಿಷನ್ನುಗಳನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿ. ಭಾರವಿಲ್ಲದ್ದರಿಂದ ಹೊಲಿಯುವಾಗ ಮಿಷನ್ನೇ ಜಾರುತ್ತದೆ, ನಾಲ್ಕು ಪದರ ಬಟ್ಟೆ ಬಂದ ಕಡೆ ನಿಂತುಬಿಡುತ್ತದೆ. ಕಲಿಯುವವರು ತಪ್ಪು ತಮ್ಮದೇ ಅಂದುಕೊಂಡು ಹೊಲಿಗೆಯನ್ನೇ ಬಿಟ್ಟುಬಿಡುತ್ತಾರೆ. ನಮಗೆ ಬೇಸರವಾಗುವುದು ಇದಕ್ಕೇ.

ಈ ಮಿಷನ್ನಿನಲ್ಲಿ ನಿಜಕ್ಕೂ ಕಷ್ಟವಾದದ್ದು ತುಳಿಯುವುದು. ಚಕ್ರದ ಮೇಲ್ಭಾಗ ಯಾವಾಗಲೂ ನಮ್ಮ ಕಡೆಗೇ ತಿರುಗಬೇಕು. ಹಿಂದಕ್ಕೆ ತಿರುಗಿದರೆ ದಾರ ಒಳಗೆ ಸಿಕ್ಕಿಕೊಂಡು ತುಂಡಾಗುತ್ತದೆ. ಹಾಗಾಗಿ ಮೊದಲು ದಾರ, ಸೂಜಿ ಎರಡೂ ಬೇಡ. ಚಕ್ರದ ನಡುವಿನ ದೊಡ್ಡ ತಿರುಪನ್ನು ಸಡಿಲಿಸಿದರೆ ಚಕ್ರ ತಿರುಗುತ್ತದೆ, ಸೂಜಿಯ ಕಂಬಿ ಓಡುವುದಿಲ್ಲ. ಒಂದು ಪಾದ ಸ್ವಲ್ಪ ಮುಂದೆ, ಇನ್ನೊಂದು ಸ್ವಲ್ಪ ಹಿಂದೆ ಇಟ್ಟು, ಕೈಯಿಂದ ಚಕ್ರವನ್ನು ನಮ್ಮ ಕಡೆಗೆ ತಿರುಗಿಸಿ ಶುರುಮಾಡಿ, ಆಮೇಲೆ ಕಾಲು ಸೇರಿಸಿ. ನಿಲ್ಲಿಸಿ ಮತ್ತೆ ಶುರುಮಾಡಿದಾಗ ಚಕ್ರ ಹಿಂದಕ್ಕೆ ಹೋಗದಷ್ಟು ಹಿಡಿತ ಬಂದ ಮೇಲೆ ತಿರುಪು ಬಿಗಿ ಮಾಡಿ, ಗೆರೆ ಹಾಕಿದ ನೋಟ್‌ಬುಕ್ ಹಾಳೆಯ ಮೇಲೆ ದಾರವಿಲ್ಲದೆ ಹೊಲಿಯಿರಿ. ಇದಕ್ಕೆ ಹಳೇ ಸೂಜಿ ಸಾಕು, ಕಾಗದ ಸೂಜಿಯ ಮೊನೆಯನ್ನು ಮೊಂಡು ಮಾಡುತ್ತದೆ. ಮೂಲೆ ಬಂದಾಗ ಸೂಜಿಯನ್ನು ಒಳಗೇ ಇಳಿಸಿ, ಫುಟ್ ಎತ್ತಿ, ಹಾಳೆ ತಿರುಗಿಸಿ, ಫುಟ್ ಇಳಿಸಿ.

ಇನ್ನು ದಾರ. ಮೇಲಿನ ದಾರ ಪೋಣಿಸುವಾಗ ಫುಟ್ ಎತ್ತಿರಲಿ. ಆಗ ದಾರವನ್ನು ಬಿಗಿಹಿಡಿಯುವ ಟೆನ್ಷನ್ ತಟ್ಟೆಗಳು ಬಿಚ್ಚಿಕೊಂಡಿರುತ್ತವೆ, ದಾರ ಅವುಗಳ ನಡುವೆ ಸರಿಯಾಗಿ ಕೂರುತ್ತದೆ. ಸೂಜಿಯ ಒಂದು ಬದಿಯಲ್ಲಿ ಉದ್ದದ ಗೀರು ಇರುತ್ತದೆ, ಹಿಡಿಯ ಒಂದು ಬದಿ ಚಪ್ಪಟೆ ಇರುತ್ತದೆ. ಗೀರಿರುವ ಕಡೆಯಿಂದಲೇ ದಾರ ಒಳಗೆ ಹೋಗಬೇಕು. ಸೂಜಿ ತಿರುಗಿ ಕೂತರೆ ಅಥವಾ ಪೂರ್ತಿ ಮೇಲಕ್ಕೆ ಹೋಗದಿದ್ದರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ. ವಾಯಿಲ್‌ನಂಥ ತೆಳು ಬಟ್ಟೆಗೆ 11ನೇ ನಂಬರ್ ಸೂಜಿ, ಪಾಪ್ಲಿನ್ನಿಗೆ 14, ದಪ್ಪ ಹತ್ತಿಗೆ 16, ಜೀನ್ಸಿಗೆ 18.

ಶುರುವಿನಲ್ಲಿ ಎರಡೂ ದಾರದ ತುದಿಗಳನ್ನು ಫುಟ್ಟಿನ ಹಿಂದಕ್ಕೆ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅಡಿಯಲ್ಲಿ ದಾರದ ಗುಡ್ಡೆ ಬೀಳುತ್ತದೆ. ಮುಗಿಸುವಾಗ, ದಾರವನ್ನು ಮೇಲಕ್ಕೆಳೆಯುವ ಟೇಕಪ್ ಲಿವರ್ ಅತಿ ಮೇಲೆ ಬಂದು ನಿಂತಿರಲಿ. ಕೆಳಗಿದ್ದರೆ ಮುಂದಿನ ಹೊಲಿಗೆಗೆ ದಾರ ಸೂಜಿಯಿಂದ ಕಳಚಿ ಬರುತ್ತದೆ.

ಟೆನ್ಷನ್ ಓದುವುದನ್ನು ಕಲಿತವರಿಗೆ ಮಿಷನ್ ಅರ್ಧ ಒಲಿದಂತೆ. ಮೇಲೆ ಕೆಂಪು, ಬಾಬಿನ್ನಿಗೆ ನೀಲಿ ದಾರ ಹಾಕಿ ಎರಡು ಪದರ ಪಾಪ್ಲಿನ್ ಹೊಲಿಯಿರಿ. ಬಟ್ಟೆಯ ಅಡಿಯಲ್ಲಿ ಕೆಂಪು ಕುಣಿಕೆಗಳು ಕಂಡರೆ ಕೆಟ್ಟಿರುವುದು ಕೆಳಗಿನದ್ದಲ್ಲ, ಮೇಲಿನ ದಾರ ಸಡಿಲ ಅಥವಾ ತಟ್ಟೆಗಳ ನಡುವೆ ಕೂತಿಲ್ಲ. ಹೊಸಬರು ಹೆಚ್ಚು ಎಡವುವುದು ಇಲ್ಲೇ, ಅಡಿಯಲ್ಲಿ ಗಲೀಜು ಕಂಡ ಕೂಡಲೇ ಬಾಬಿನ್ ಕೇಸಿನ ತಿರುಪಿಗೆ ಕೈ ಹಾಕುತ್ತಾರೆ. ನೀಲಿ ಮೇಲಕ್ಕೆ ಇಣುಕಿದರೆ ಮೇಲಿನದು ಬಿಗಿ. ಬಾಬಿನ್ ಕೇಸನ್ನು ಪರೀಕ್ಷಿಸಲು ಅದನ್ನು ದಾರದಲ್ಲೇ ತೂಗುಬಿಡಿ. ಸುಮ್ಮನಿದ್ದರೆ ನಿಂತಿರಬೇಕು, ಮೆಲ್ಲಗೆ ಜಗ್ಗಿದರೆ ಒಂದೆರಡು ಇಂಚು ಇಳಿಯಬೇಕು. ಸರ್ರನೆ ಕೆಳಗೆ ಬಂದರೆ ಮಾತ್ರ ಆ ಪುಟ್ಟ ತಿರುಪನ್ನು ಕಾಲು ಸುತ್ತು ಬಿಗಿ ಮಾಡಿ.

ಮೊದಲ ವಸ್ತು ರವಿಕೆ ಆಗಬಾರದು. ಕಂಕುಳಿನ ತಿರುವಿಗೆ ತೋಳು ಕೂರಿಸುವುದು ಬಟ್ಟೆಯ ಮೇಲೆ ಹಿಡಿತ ಬಂದವರ ಕೆಲಸ. ದಿಂಬಿನ ಕವರಿನಿಂದ ಶುರುಮಾಡಿ. 17×27 ಇಂಚಿನ ದಿಂಬಿಗೆ 18 ಇಂಚು ಅಗಲ, 62 ಇಂಚು ಉದ್ದದ ಒಂದೇ ಪಟ್ಟಿ ಸಾಕು: ಎರಡು ಬದಿಗೆ 27ರಂತೆ 54, ಒಳಮಡಿಕೆಗೆ 6, ಎರಡು ತುದಿ ಮಡಚಿ ಹೊಲಿಯಲು ಒಂದೊಂದು ಇಂಚು. 44 ಇಂಚು ಪನ್ನದ ಹತ್ತಿ ಬಟ್ಟೆ ಒಂದೂ ಮುಕ್ಕಾಲು ಮೀಟರ್ ತಂದರೆ ಎರಡು ಕವರ್ ಆಗುತ್ತವೆ. ಕತ್ತರಿಸುವ ಮೊದಲು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಆ ಕೆಲಸ ಬಿಟ್ಟರೆ ಮೊದಲ ಒಗೆತಕ್ಕೇ ಕವರ್ ಕುಗ್ಗಿ ದಿಂಬು ತೂರುವುದಿಲ್ಲ. ಇಂಚಿಗೆ 10ರಿಂದ 12 ಹೊಲಿಗೆ ಬೀಳುವಂತಿರಲಿ.

ಈ ಮಿಷನ್ನಿನ ದೊಡ್ಡ ಕೊರತೆ ಅಂಕುಡೊಂಕಿನ ಹೊಲಿಗೆ, ಅಂದರೆ ಜಿಗ್‌ಜಾಗ್ ಇಲ್ಲದಿರುವುದು. ಬಟ್ಟೆಯ ಅಂಚು ನೂಲು ಬಿಡದ ಹಾಗೆ ಕಟ್ಟಲು ಫ್ರೆಂಚ್ ಸೀಮ್ ಕಲಿಯಬೇಕು: ಬಟ್ಟೆಯ ಒಳಮೈ ಒಳಮೈ ಸೇರಿಸಿ ಕಾಲಿಂಚಿಗೆ ಹೊಲಿದು, ಅಂಚನ್ನು ಸಣ್ಣಗೆ ಕತ್ತರಿಸಿ, ತಿರುಗಿಸಿ ಮತ್ತೆ ಕಾಲಿಂಚಿಗೆ ಹೊಲಿಯುವುದು. ಮೇಲೆ ಹೇಳಿದ ದಿಂಬಿನ ಕವರಿಗೆ ಎರಡೂ ಪಕ್ಕ ಅರ್ಧರ್ಧ ಇಂಚು ಬಿಟ್ಟಿರುವುದು ಇದಕ್ಕಾಗಿಯೇ. ಇಂಟರ್‌ಲಾಕ್, ಪೀಕೊ ಬೇಕಾದರೆ ಅಂಗಡಿಗೇ ಕೊಡಬೇಕು. ಕಾಜಾ ಕೈಯಲ್ಲೇ ಹಾಕಬೇಕು. ಟೀಶರ್ಟಿನಂಥ ಹಿಗ್ಗುವ ಬಟ್ಟೆಗೆ ನೇರ ಹೊಲಿಗೆ ಹಾಕಿದರೆ ಎಳೆದಾಗ ದಾರ ಪಟ್ಟೆಂದು ಹರಿಯುತ್ತದೆ. ನೀವು ಹೊಲಿಯಬೇಕೆಂದಿರುವುದು ಮಕ್ಕಳ ಲೆಗ್ಗಿಂಗ್ಸು, ಟೀಶರ್ಟುಗಳೇ ಆದರೆ ಈ ಮಿಷನ್ ಬಿಟ್ಟು ಮೊದಲಿಂದಲೇ ಜಿಗ್‌ಜಾಗ್ ಇರುವ ಕರೆಂಟಿನ ಮಿಷನ್ ತಗೊಳ್ಳಿ. ಮಂಡಿನೋವು ಇರುವವರಿಗೂ ಅದೇ ವಾಸಿ.

ಹೊಲಿಗೆಯಿಂದಲೇ ದುಡಿಯಬೇಕು ಎಂದಿರುವವರಿಗೆ ಉಚಿತ ತರಬೇತಿಯ ದಾರಿಯಿದೆ, ವಯಸ್ಸಿನ ಮಿತಿ ಎಷ್ಟೆಂದು ಕೇಳಿಕೊಳ್ಳಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ, ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಾದ ಆರ್‌ಸೆಟಿಗಳಲ್ಲಿ ವಿಚಾರಿಸಿ.

ನಿರ್ವಹಣೆ ಸುಲಭ. ಸೂಜಿ ಅತಿ ಮೇಲಿರುವಾಗ ಬಾಬಿನ್ ಕೇಸ್ ತೆಗೆದು, ಅದರ ಗೂಡಿನ ಎರಡು ಚಿಲಕಗಳನ್ನು ಹೊರಕ್ಕೆ ತಿರುಗಿಸಿದರೆ ಬಳೆಯಂಥ ಮುಚ್ಚಳವೂ ಮೇಲಿನ ದಾರ ಹಿಡಿಯುವ ಶಟಲ್ಲೂ ಕೈಗೆ ಬರುತ್ತವೆ. ಒಳಗಿನ ಹತ್ತಿಯ ಧೂಳನ್ನು ಬ್ರಷ್ಷಿನಿಂದ ತೆಗೆದು, ಶಟಲ್ ಓಡುವ ಜಾಗಕ್ಕೆ ಒಂದು ಹನಿ ಮಿಷನ್ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಅದು ಚಳಿಗೆ ಹೆಪ್ಪುಗಟ್ಟಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಎಣ್ಣೆ ಬಿಟ್ಟ ಮೇಲೆ ಹಳೇ ಬಟ್ಟೆಯ ಮೇಲೆ ಎರಡು ಸಾಲು ಹೊಲಿದು, ಕಲೆ ಬೀಳುವುದು ನಿಂತ ಮೇಲೆ ಒಳ್ಳೆ ಬಟ್ಟೆ ಇಡಿ.