ಸುರತ್ಕಲ್-ಕುಮಟಾ ಓಡಾಟಕ್ಕೆ ನನ್ನ ಓಟು ಬಸ್ಸಿಗೇ, ಆದ್ರೆ ಕತ್ತಲಾಗೋ ಮೊದಲು

ಮದುವೆಯಾಗಿ ಸುರತ್ಕಲ್‌ಗೆ ಬಂದಾಗಿಂದ ಕುಮಟಾದ ಅಮ್ಮನ ಮನೆಗೆ ನಾನು ಹೋಗೋದು ಬರೋದು ಬಸ್ಸಲ್ಲೇ. ಕುಂದಾಪುರದವರೆಗೆ ಪ್ರೈವೇಟ್ ಎಕ್ಸ್‌ಪ್ರೆಸ್ಸು, ಅಲ್ಲಿಂದ ಮುಂದೆ ಗವರ್ಮೆಂಟ್ ಬಸ್ಸು. ಬಸ್ಸಾ ಬಾಡಿಗೆ ಕಾರಾ ಅಂತ ಕೇಳಿದ್ರೆ ನಾನು ಬಸ್ಸೇ ಅಂತೇನೆ. ರೇಟು, ಟೈಮಿಂಗ್ ವಿಷಯ ಬಿಡಿ. ನನಗೆ ಹೇಳ್ಲಿಕ್ಕಿರೋದು ಈ ಎಕ್ಸ್‌ಪ್ರೆಸ್ ಕಂಡಕ್ಟರ್‌ಗಳ ಬಗ್ಗೆ.

ಬಸ್ಸು ಪೂರ್ತಿ ನಿಲ್ಲೋ ಮೊದ್ಲೇ ಕೆಳಗೆ ಇಳಿದಿರ್ತಾರೆ ಮಾರಾಯ್ರೆ. "ಉಡುಪಿ ಕುಂದಾಪುರ ಉಡುಪಿ ಕುಂದಾಪುರ" ಅಂತ ಒಂದೇ ಉಸಿರಲ್ಲಿ ಕೂಗ್ತಾ ನನ್ನ ಕೈಯಿಂದ ಬ್ಯಾಗ್ ತಗೊಂಡು ಡ್ರೈವರ್ ಪಕ್ಕ ಇಟ್ಟು, "ದುಂಬು ಪೋಲೆ ಅಕ್ಕಾ" (ತುಳುವಲ್ಲಿ, ಮುಂದೆ ಹೋಗಿ ಅಕ್ಕಾ) ಅಂದು, ವಿಸಿಲ್ ಹೊಡೆದೂ ಆಯ್ತು. ನೋಟುಗಳನ್ನ ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಅಷ್ಟು ರಶ್ಶಲ್ಲೂ ಹಿಂದೆ ಮುಂದೆ ಓಡಾಡ್ತಾರೆ, ಯಾರಿಗೆ ಎಷ್ಟು ಚಿಲ್ರೆ ಬಾಕಿ ಅಂತ ಎಲ್ಲ ತಲೆಯಲ್ಲೇ, ಪಡುಬಿದ್ರಿಯಲ್ಲಿ ಕೊಡ್ಲಿಕ್ಕಿದ್ದ ಹತ್ತು ರೂಪಾಯಿ ಕಾಪುವಿನಲ್ಲಿ ಕೇಳದೇ ಕೈಗೆ ಬರ್ತದೆ. ಕಟಪಾಡಿಯಲ್ಲಿ ಬಾಳೆಎಲೆಯಲ್ಲಿ ಕಟ್ಟಿದ ಶಂಕರಪುರ ಮಲ್ಲಿಗೆ ಹತ್ತಿದ್ರೆ ಇಡೀ ಬಸ್ಸು ಘಮ ಘಮ.

ಪಾರ್ಸೆಲ್ ಅಂತೂ ನನಗೆ ಈ ಬಸ್ಸು ಕೊಟ್ಟ ದೊಡ್ಡ ಉಪಕಾರ. ಉಡುಪಿಯಲ್ಲಿರೋ ನಾದಿನಿಗೆ ಹಲಸಿನ ಹಪ್ಪಳ ಕಳಿಸ್ಬೇಕಾದ್ರೆ ಡಬ್ಬಿ ಮೇಲೆ ಹೆಸರು ಫೋನ್ ನಂಬರ್ ಬರೆದು ಕಂಡಕ್ಟರ್ ಕೈಗೆ ಕೊಟ್ಟು ಏನೋ ಸ್ವಲ್ಪ ದುಡ್ಡು ಕೊಡ್ತೇನೆ, ಅವಳಿಗೆ ಫೋನ್ ಮಾಡಿ ಬಸ್ಸಿನ ಹೆಸರು ಹೇಳ್ತೇನೆ, ಅಷ್ಟೇ. ಅವಳು ಸ್ಟಾಪಲ್ಲಿ ನಿಂತಿದ್ರೆ ಬಾಗಿಲಿಂದ ಕೈ ಹೊರಗೆ ಬಂದು ಡಬ್ಬಿ ಕೊಟ್ಟು ಹೋಗ್ತದೆ. ಇಷ್ಟರವರೆಗೆ ಒಂದು ಹಪ್ಪಳ ಮುರಿದಿಲ್ಲ.

ಕುಂದಾಪುರ ಶಾಸ್ತ್ರಿ ಸರ್ಕಲ್ ಹತ್ರ ಇಳಿದು ಗವರ್ಮೆಂಟ್ ಬಸ್ಸು ಹತ್ತಿದ್ರೆ ಆಧಾರ್ ತೋರಿಸಿ ಜೀರೋ ಟಿಕೆಟ್. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ನನ್ನ ತವರಿನ ಖರ್ಚು ಅರ್ಧಕ್ಕೆ ಇಳಿದಿದೆ. ಎಡಗಡೆ ಕಿಟಕಿ ಸೀಟು ಹಿಡೀರಿ, ಮರವಂತೆಯಲ್ಲಿ ಆ ಕಡೆ ಸೌಪರ್ಣಿಕಾ ಹೊಳೆ, ಈ ಕಡೆ ಸಮುದ್ರ ನಿಮ್ಮ ಕಿಟಕಿಗೇ ಬರ್ತದೆ, ಬೆಳಿಗ್ಗೆ ಹೊತ್ತು ಬಿಸಿಲೂ ಹೊಡೆಯೋದಿಲ್ಲ.

ಇನ್ನು ಬೇಜಾರಿನ ವಿಷಯ. ಹಿಂದಿನ ಬಸ್ಸು ಕನ್ನಡಿಯಲ್ಲಿ ಕಂಡ್ರೆ ಸಾಕು, ನಮ್ಮ ಡ್ರೈವರ್ ಕಾಲು ಆಕ್ಸಿಲರೇಟರ್ ಬಿಡೋದಿಲ್ಲ, ನಿಂತವರಿಗೆ ಕಂಬ ಹಿಡಿದು ಹಿಡಿದು ಭುಜ ನೋವು, ವಯಸ್ಸಾದವರು ಇಳೀಲಿಕ್ಕೆ ಒಂದು ಕಾಲು ನೆಲಕ್ಕೆ ಇಟ್ಟಿರ್ತಾರೆ ಅಷ್ಟರಲ್ಲಿ ವಿಸಿಲ್. ಇದು ತಪ್ಪು, ಖಂಡಿತ ತಪ್ಪು. ಅದಕ್ಕಿಂತ ದೊಡ್ಡ ಸಮಸ್ಯೆ ರಾತ್ರಿ. ಒಂದು ಭಾನುವಾರ ಭಟ್ಕಳದಲ್ಲಿ ಲೇಟಾಗಿ ಕುಂದಾಪುರ ಮುಟ್ಟುವಾಗ ಎಂಟೂವರೆ ಆಗಿತ್ತು, ಮಂಗಳೂರು ಕಡೆ ಎಕ್ಸ್‌ಪ್ರೆಸ್ಸೇ ಇಲ್ಲ. ದೂರದ ಸ್ಲೀಪರ್ ಬಸ್ಸಿನವರು ಸುರತ್ಕಲ್ ಅಂದ ಕೂಡಲೇ ಬಾಗಿಲು ಹಾಕಿದ್ರು, ಆಟೋದವರು ಬಾಯಿಗೆ ಬಂದ ರೇಟು ಹೇಳಿದ್ರು. ಕೊನೆಗೆ ಮನೆಯವರು ಅಷ್ಟು ದೂರದಿಂದ ಗಾಡಿ ತಗೊಂಡು ಬರ್ಬೇಕಾಯ್ತು, ಅಲ್ಲಿವರೆಗೆ ಮುಚ್ಚಿದ ಅಂಗಡಿ ಎದುರು ಮಗು ಎತ್ಕೊಂಡು ನಿಂತಿದ್ದೆ. ಹಗಲು ಅಷ್ಟು ಚೆಂದ ನೋಡಿಕೊಳ್ಳೋ ಸರ್ವಿಸ್ಸು ರಾತ್ರಿ ಹೆಂಗಸರನ್ನ ಹೀಗೆ ಬಿಟ್ಟುಬಿಡ್ತದಲ್ಲ ಅಂತ ತುಂಬಾ ಸಿಟ್ಟು ಬಂತು.

ಬಾಡಿಗೆ ಕಾರೂ ನೋಡಿ ಆಯ್ತು. ಅಮ್ಮನ ಕಣ್ಣಿನ ಆಪರೇಷನ್ ಆದ ಮೇಲೆ ಅವರನ್ನ ಕರ್ಕೊಂಡು ಬರ್ಲಿಕ್ಕೆ, ಆ ಕಪ್ಪು ನಂಬರ್‌ಪ್ಲೇಟಿನ ಸೆಲ್ಫ್ ಡ್ರೈವ್ ಕಾರು. ಅಮ್ಮ ಆರಾಮಾಗಿ ಮಲಗಿ ಬಂದ್ರು, ಅದಕ್ಕೆ ಕೊಟ್ಟ ದುಡ್ಡು ನನಗೆ ಬೇಜಾರಿಲ್ಲ. ಆದ್ರೆ ಹೆಜಮಾಡಿ, ಸಾಸ್ತಾನ, ಶಿರೂರು, ಹೊಳೆಗದ್ದೆ ಅಂತ ನಾಲ್ಕು ಟೋಲು, ಪೆಟ್ರೋಲು, ಮೇಲೆ ಸೀಟಲ್ಲಿ ಮರಳು ಉಂಟು ಅಂತ ಡೆಪಾಸಿಟ್ಟಿಂದ ಕಟ್ ಮಾಡಿದ್ದು ಎಲ್ಲ ಸೇರಿದ್ರೆ ನಮ್ಮಂಥ ಒಂದು ಸಂಬಳದ ಮನೆಗೆ ತಿಂಗಳು ತಿಂಗಳು ಆಗೋ ಕೆಲಸ ಅಲ್ಲ. ಹುಷಾರಿಲ್ಲದವರು ಜೊತೆಗಿದ್ರೆ ಕಾರು, ಇಲ್ಲಾಂದ್ರೆ ಬಸ್ಸೇ.

ಬಸ್ ಮಾಲಕರು ಯಾರಾದ್ರೂ ಓದ್ತಾ ಇದ್ರೆ, ಕುಂದಾಪುರದಿಂದ ರಾತ್ರಿ ಒಂಬತ್ತೂವರೆಗೆ ಒಂದು ಬಸ್ಸು ಹಾಕಿ. ಡಬಲ್ ಟಿಕೆಟ್ ಆದ್ರೂ ನಾನು ಬರ್ತೇನೆ.