ದಾವಣಗೆರೆಯ ಮಳಿಗೆಯಲ್ಲೊಂದು ಅಪೊಲೊ–ಡಾಫ್ನೆ: ಕಲ್ಲು ಸಾಚಾ, ವಯಸ್ಸಿಗೆ ಪುರಾವೆಯಿಲ್ಲ

ದಾವಣಗೆರೆಯ ಮಂಡಿಪೇಟೆಯ ಆಸುಪಾಸಿನ ಹಳೆಯ ವಸ್ತುಗಳ ಮಳಿಗೆಯೊಂದರಲ್ಲಿ, ತೊಟ್ಟಿಮನೆಗಳಿಂದ ಬಿಚ್ಚಿ ತಂದ ಸಾಗುವಾನಿ ಕಂಬ, ಬಾಗಿಲವಾಡಗಳ ನಡುವೆ, ಸುಮಾರು ಎರಡೂವರೆ ಅಡಿ ಎತ್ತರದ ಬಿಳಿ ಅಮೃತಶಿಲೆಯ ಅಪೊಲೊ–ಡಾಫ್ನೆ ಜೋಡಿ ವಿಗ್ರಹ ಮಾರಾಟಕ್ಕಿದೆ. ನೂರೈವತ್ತು ವರ್ಷ ಹಳೆಯ ಇಟಲಿಯ ಶಿಲ್ಪವೆಂದು ಚೀಟಿ ಅಂಟಿಸಿ ನಾಲ್ಕು ಲಕ್ಷ ರೂಪಾಯಿ ಹೇಳುತ್ತಿದ್ದಾರೆ. ಕೊಳ್ಳುವ ಉದ್ದೇಶದಿಂದಲೇ ಪರೀಕ್ಷಿಸಿದ ನನಗೆ ಕಲ್ಲೂ ಕೆಲಸವೂ ಹಿಡಿಸಿದವು. ಆದರೆ ಆ ಬೆಲೆಯಲ್ಲಿ ಅರ್ಧದಷ್ಟು ಯಾವ ಆಧಾರವೂ ಇಲ್ಲದ ವಯಸ್ಸಿಗೆ ಕೊಡುವ ಹಣ.

ಶಿಲ್ಪದ ಕಥೆ ಗ್ರೀಕ್ ಪುರಾಣದ್ದು. ಪ್ರೇಮದೇವತೆ ಕ್ಯೂಪಿಡ್ ಒಲವು ಹುಟ್ಟಿಸುವ ಚಿನ್ನದ ಬಾಣವನ್ನು ಅಪೊಲೊ ದೇವನಿಗೂ ಒಲವನ್ನು ದೂರ ಮಾಡುವ ಸೀಸದ ಬಾಣವನ್ನು ಡಾಫ್ನೆಗೂ ಬಿಡುತ್ತಾನೆ. ಬೆನ್ನಟ್ಟಿದ ಅಪೊಲೊನ ಕೈ ಸೋಕುವಷ್ಟರಲ್ಲಿ, ನದೀದೇವನ ಮಗಳಾದ ಆಕೆ ತಂದೆಗೆ ಮೊರೆಯಿಟ್ಟು ಲಾರೆಲ್ ಮರವಾಗುತ್ತಾಳೆ. ರೋಮ್‌ನ ಬೊರ್ಗೀಸ್ ಗ್ಯಾಲರಿಯಲ್ಲಿರುವ, ಇಟಲಿಯ ಶಿಲ್ಪಿ ಬರ್ನಿನಿಯ ಮೂಲಕೃತಿ 1622ರಿಂದ 1625ರ ನಡುವಿನದು, ಎತ್ತರ 243 ಸೆಂಟಿಮೀಟರ್. ಅದರ ತೆಳು ಎಲೆಗಳ ಕೆತ್ತನೆಯಲ್ಲಿ ಸಹಾಯಕ ಜೂಲಿಯಾನೊ ಫಿನೆಲ್ಲಿಯ ಕೈಚಳಕ ದೊಡ್ಡದು. ಇಂಥ ಕೃತಿಗಳ ಚಿಕ್ಕ ಪ್ರತಿಗಳನ್ನು ಇಟಲಿಯ ಕಾರ್ಯಾಗಾರಗಳು 19ನೇ ಶತಮಾನದಲ್ಲಿ ಪ್ರವಾಸಿಗಳಿಗಾಗಿ ಮಾಡುತ್ತಿದ್ದವು, ಈಗಲೂ ಮಾಡುತ್ತವೆ. ಹಾಗಾಗಿ ಕಲ್ಲು ಇಟಲಿಯದಾದರೂ ವಿಗ್ರಹ ಹಳೆಯದೆಂದು ಹೇಳಲಾಗದು.

ಇದು ರಾಳ ಬೆರೆಸಿ ಎರಕ ಹೊಯ್ದ ಮಾಲಲ್ಲ: ಮುಟ್ಟಿದರೆ ತಣ್ಣಗಿದೆ, ಅಚ್ಚಿನ ಗೆರೆಯಾಗಲಿ ಗಾಳಿಗುಳ್ಳೆಯಾಗಲಿ ಕಾಣದು, ಉಗುರಿಗೆ ಗೀರು ಬೀಳದ ಕಾರಣ ಅಮೃತಶಿಲೆಯಂತೆ ಕಾಣುವ ಮೆದುವಾದ ಅಲಬಾಸ್ಟರ್ ಕಲ್ಲು ಕೂಡ ಅಲ್ಲ. ಡಾಫ್ನೆಯ ತೋಳಿನ ಹಿಂದೆ ಟಾರ್ಚ್ ಹಿಡಿದಾಗ ಕಲ್ಲಿನ ಅಂಚಿನಲ್ಲಿ ಬೆಳಕು ಒಳಗಿಳಿದು ಮೈಬಣ್ಣದಂತೆ ಹರಡಿತು. 1224ರಲ್ಲಿ ಹೊಯ್ಸಳರ ಪೋಲಾಳ್ವ ದಂಡನಾಥ ಕಟ್ಟಿಸಿದ, ಹರಿಹರದ ಹರಿಹರೇಶ್ವರ ದೇವಾಲಯದ ಬಳಪದ ಕಲ್ಲಿನ ಕಂಬಗಳನ್ನು ನೋಡುತ್ತ ಬೆಳೆದ ನಮ್ಮ ಕಣ್ಣಿಗೆ ಈ ಗುಣ ಹೊಸದು. ಅಲ್ಲಿ ಬೆಳಕು ಮೇಲ್ಮೈಯ ನುಣುಪಿನಲ್ಲಿ ಹೊಳೆದು ಹಿಂದಿರುಗುತ್ತದೆ. ಮುಖಗಳು ಚೆನ್ನಾಗಿವೆ, ತೊಗಟೆ ಸೊಂಟವನ್ನು ಸುತ್ತುವ ಜಾಗವಂತೂ ಬಹಳ ಚೆನ್ನಾಗಿದೆ. ಬೆರಳತುದಿಯ ಎಲೆಗಳು ಮಾತ್ರ ದಪ್ಪವಾಗಿ, ಅಂಜುತ್ತ ಕೆತ್ತಿದಂತಿವೆ. ನೋಟು ಪರೀಕ್ಷಿಸುವ ನೇರಳೆ ದೀಪವನ್ನು ಗಲ್ಲಾದಿಂದ ತರಿಸಿ ಹಾಯಿಸಿದಾಗ ಎರಡು ಬೆರಳುಗಳ ಬುಡದಲ್ಲಿ ಅಂಟಿನ ಗೆರೆ ಬೇರೆ ಬಣ್ಣದಲ್ಲಿ ಎದ್ದು ಕಂಡಿತು. ದುರಸ್ತಿಯ ವಿಷಯವನ್ನು ಮಳಿಗೆಯವರು ತಾವಾಗಿ ಹೇಳಿರಲಿಲ್ಲ.

ಪೀಠದಲ್ಲಿ ಶಿಲ್ಪಿಯ ಹೆಸರಿಲ್ಲ, ಕಾರ್ಯಾಗಾರದ ಗುರುತಿಲ್ಲ, ಆಮದಿನ ಕಾಗದವಿಲ್ಲ. ಗಿರಣಿ ಮಾಲೀಕರೊಬ್ಬರ ಬಂಗಲೆಯಿಂದ ಬಂದದ್ದೆಂಬ ಮಾತಿದೆ. ಹತ್ತಿ ಗಿರಣಿಗಳ ಈ ಊರಿನಲ್ಲಿ ಪ್ರತಿ ಹಳೆಯ ಕುರ್ಚಿಗೂ ಅದೇ ವಂಶಾವಳಿ. 1972ರ ಪುರಾವಸ್ತುಗಳ ಕಾಯ್ದೆಯಡಿ ನೂರು ವರ್ಷ ದಾಟಿದ ಇಂಥ ಶಿಲ್ಪದ ವ್ಯಾಪಾರಕ್ಕೆ ಪರವಾನಗಿ ಬೇಕಾಗುವುದರಿಂದ, ನೂರೈವತ್ತು ವರ್ಷವೆಂದು ಚೀಟಿ ಹಚ್ಚಿದವರು ಆ ಪರವಾನಗಿಯನ್ನು ತೋರಿಸಬೇಕು. ಕೇಳಿದಾಗ ಅವರು ಉತ್ತರ ಕೊಡದೆ ಚಹಾ ತರಿಸಿದರು.

ನಡವಳಿಕೆಯ ಬಗ್ಗೆ ದೂರಿಲ್ಲ. ಆತುರಪಡಿಸದೆ ವಿಗ್ರಹವನ್ನು ತಿರುಗಿಸಿ ತೋರಿಸಿದರು, ಮನೆಗೆ ಸಾಗಿಸುವ ಖರ್ಚು ತಮ್ಮದೇ ಎಂದರು. ಆದರೆ ಶುಕ್ರವಾರದ ಪೂಜೆಯ ಅರಿಶಿನ ಕುಂಕುಮವನ್ನು ಪೀಠಕ್ಕೂ ಹಚ್ಚಿದ್ದಾರೆ. ಅಮೃತಶಿಲೆ ಬಣ್ಣವನ್ನು ಹೀರಿಕೊಳ್ಳುತ್ತದೆ. ಆ ಕಲೆಯನ್ನು ನಿಂಬೆಹುಳಿಯಿಂದಲೋ ನೆಲ ತೊಳೆಯುವ ಆಸಿಡ್‌ನಿಂದಲೋ ಉಜ್ಜಿದರೆ ಹೊಳಪೂ ಜೊತೆಗೆ ಕರಗಿ ಹೋಗುತ್ತದೆಂದು ಹುಡುಗರಿಗೆ ತಿಳಿಸಿ ಬಂದಿದ್ದೇನೆ.

ಬರ್ನಿನಿಯ ಕೃತಿಯ ಪ್ರತಿ, ಕಾಲ ಖಚಿತವಿಲ್ಲ, ಎರಡು ಬೆರಳು ದುರಸ್ತಿಯಾಗಿವೆ ಎಂದು ರಸೀದಿಯಲ್ಲಿ ಬರೆದುಕೊಟ್ಟರೆ ಎರಡು ಲಕ್ಷದವರೆಗೆ ಕೊಡಬಹುದಾದ ವಸ್ತುವಿದು. ಬೆಲೆಯನ್ನು ಇಳಿಸಲು ಮಾಲೀಕರು ಒಪ್ಪುವಂತಿದ್ದಾರೆ, ರಸೀದಿಯ ಒಕ್ಕಣೆಗೆ ಇನ್ನೂ ಒಪ್ಪಿಲ್ಲ.